ಎದುರಾಳಿಯ ಪರವಾಗಿ ನಾಲ್ಕು ಮಾತು

ನಮ್ಮ ಸಬ್ಜೆಕ್ಟಿಗೆ ಲ್ಯಾಬ್ ಇಲ್ಲ ಎಂದು ಫಿಸಿಕ್ಸ್‌ನವರು ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ ಬಿಡಿ. ಇಡೀ ಸರ್ವೀಸಿನಲ್ಲಿ ನಾನು ಒಂದೇ ಒಂದು ಸಲ ನಮ್ಮ ಸಬ್ಜೆಕ್ಟಿನ ಲ್ಯಾಬ್ ನೋಡಿದೆ. ಅದು ತುಮಕೂರಿನ ಕಾಲೇಜಿನ ಒಂದು ಕ್ಲಾಸ್ ರೂಮು. ಪ್ರಯೋಗ ಮಾಡಿದವರು ನಮ್ಮ ವಿಭಾಗದ ಮುಖ್ಯಸ್ಥೆ ವನಜಾಕ್ಷಿ ಮೇಡಂ. ಪ್ರಯೋಗಕ್ಕೆ ಸಿಕ್ಕಿಕೊಂಡವರಲ್ಲಿ ನಾನೂ ಒಬ್ಬ.

ಹೊಸದಾಗಿ ರಾಜ್ಯಶಾಸ್ತ್ರ ಪಾಠ ಹೇಳಲು ಹೊರಟ ಅತಿಥಿ ಉಪನ್ಯಾಸಕರು ಉಪ್ಪಾರಹಳ್ಳಿಯ ನಮ್ಮ ಮನೆಗೆ ಆಗಾಗ ಬರುತ್ತಾರೆ. ಅವರಿಗೆ ಬೇಕಾದದ್ದು ನನ್ನ ಹಳೆಯ ನೋಟ್ಸು. ಗೆದ್ದಲು ತಿಂದಿತು ಎಂದು ಹೇಳಿ, ಕಾಫಿ ಕುಡಿಸಿ ಕಳಿಸುತ್ತೇನೆ. ಗೆದ್ದಲು ತಿಂದಿಲ್ಲ, ಆದರೆ ತಿನ್ನಬೇಕಾಗಿತ್ತು. ನೋಟ್ಸಿನ ಬದಲು ಈ ಬರಹ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ರಾಜಕೀಯ ಎಂಬ ಪತ್ರಿಕೆಯನ್ನು ಗುಬ್ಬಿ, ಕುಣಿಗಲ್, ತುಮಕೂರು ಈ ಮೂರೇ ಊರುಗಳಲ್ಲಿ ಸುತ್ತುತ್ತ, ಪಾಸ್‌ಪೋರ್ಟನ್ನೂ ಮಾಡಿಸದೆ ಕಲಿಸಿ ನಿವೃತ್ತನಾದವನ ಮಾತು ಇದು.

ಮೊದಲ ಪೋಸ್ಟಿಂಗ್ ಗುಬ್ಬಿ. ಆಗ ಪಾಠ ಎಂದರೆ ಡಿಕ್ಟೇಷನ್. ನಾನು ಹೇಳುವುದು, ಮಕ್ಕಳು ಬರೆದುಕೊಳ್ಳುವುದು, ಮಧ್ಯೆ ಯಾರಾದರೂ ತಲೆ ಎತ್ತಿದರೆ ಪೆನ್ನಿನ ಇಂಕು ಮುಗಿದಿದೆ ಎಂದು ಅರ್ಥ. ಆಮೇಲೆ ಜೆರಾಕ್ಸ್ ಬಂತು, ಅದರ ಹಿಂದೆಯೇ ಪಿಡಿಎಫ್ ಬಂತು, ಈಗ ಎಲ್ಲ ವಾಟ್ಸಾಪಿನಲ್ಲಿ. ಆದರೆ ವಾಸ್ತವವಾದ ಎಂಬ ಅಧ್ಯಾಯವನ್ನು ಮಾತ್ರ ನಾನು ಎಂದೂ ಡಿಕ್ಟೇಟ್ ಮಾಡಲಿಲ್ಲ. ಅದರ ಮೇಲೆ ನನಗೆ ಅಷ್ಟು ಮೋಹ. ನಿಂತುಕೊಂಡು, ಕೈ ಬೀಸಿಕೊಂಡು ಹೇಳುತ್ತಿದ್ದೆ. ದೇಶಗಳಿಗೆ ಮೇಲೊಬ್ಬ ಯಜಮಾನ ಇಲ್ಲ. ಕಳ್ಳ ನುಗ್ಗಿದರೆ ಓಡಿ ಹೋಗಿ ದೂರು ಕೊಡಲು ಠಾಣೆಯಿಲ್ಲ. ಆದ್ದರಿಂದ ಪ್ರತಿ ದೇಶವೂ ತನ್ನ ಬಲವನ್ನು ತಾನೇ ನೋಡಿಕೊಳ್ಳಬೇಕು. ಒಬ್ಬನು ಬಲ ಹೆಚ್ಚಿಸಿಕೊಂಡರೆ ಪಕ್ಕದವನಿಗೆ ಹೆದರಿಕೆ, ಹೆದರಿದವನು ತಾನೂ ಹೆಚ್ಚಿಸಿಕೊಳ್ಳುತ್ತಾನೆ, ಅದನ್ನು ನೋಡಿ ಮೊದಲಿನವನು ಮತ್ತೆ ಹೆದರುತ್ತಾನೆ. ಹಿಂದೆ ಹೀಗೇ ಇತ್ತು, ಮುಂದೆಯೂ ಹೀಗೇ.

ಉದಾಹರಣೆಗೆ ಎರಡು ಮನೆಗಳ ನಡುವಿನ ಗೋಡೆಯ ಕಥೆ ಕಟ್ಟಿದ್ದೆ. ಒಬ್ಬ ಕಳ್ಳರ ಭಯಕ್ಕೆ ಗೋಡೆಯ ಮೇಲೆ ಗಾಜಿನ ಚೂರು ನೆಡಿಸುತ್ತಾನೆ. ಪಕ್ಕದವನು ಇದು ತನಗೇ ಎಂದುಕೊಂಡು ನಾಯಿ ತರುತ್ತಾನೆ. ನಾಯಿ ಬೊಗಳಿದ್ದಕ್ಕೆ ಮೊದಲಿನವನು ಗೋಡೆಯನ್ನು ಇನ್ನೆರಡು ವರಸೆ ಎತ್ತರಿಸುತ್ತಾನೆ. ಇಬ್ಬರಿಗೂ ಕೆಟ್ಟ ಉದ್ದೇಶವಿಲ್ಲ, ಇಬ್ಬರಿಗೂ ನಿದ್ದೆಯಿಲ್ಲ. ಗುಬ್ಬಿಯಲ್ಲಿ ಇದನ್ನು ಹೇಳಿದ ದಿನ ಕ್ಲಾಸು ಮುಗಿದ ಮೇಲೆ ಚೇಳೂರಿನ ಮಂಜುನಾಥ ಎಂಬ ವಿದ್ಯಾರ್ಥಿ ಹತ್ತಿರ ಬಂದು, “ಸರ್, ನಮ್ಮನೆ ಇಸ್ಯ ನಿಮ್ಗೆ ಯಾರೇಳಿದ್ರು?” ಎಂದ. ಅವನ ಅಪ್ಪನಿಗೂ ಚಿಕ್ಕಪ್ಪನಿಗೂ ನಡುವೆ ಇದ್ದದ್ದು ಅದೇ ಗೋಡೆ. ನಾಯಿ ಇವರ ಮನೆಯದಂತೆ. ನನಗೆ ಆದ ಸಂತೋಷ ಹೇಳತೀರದು. ಪಾಪ, ಹುಡುಗನ ಮುಖ ಸಪ್ಪಗಿತ್ತು, ನಾನು ಮಾತ್ರ ಸಿದ್ಧಾಂತ ಚೇಳೂರಿನಲ್ಲೂ ನಿಜವಾಯಿತಲ್ಲ ಎಂದು ಬೀಗುತ್ತ ಬಸ್ ಸ್ಟ್ಯಾಂಡಿಗೆ ನಡೆದೆ.

ಆ ಬೀಗುವಿಕೆಗೆ ಮೊದಲ ಪೆಟ್ಟು ಬೇಗನೇ ಬಿತ್ತು. ಜಗತ್ತಿನಲ್ಲಿ ಎರಡು ಮಹಾಶಕ್ತಿಗಳಿವೆ, ಒಂದನ್ನೊಂದು ತೂಗಿಸಿಕೊಂಡು ನಿಂತಿವೆ, ನಮ್ಮ ನಿಮ್ಮ ಕಾಲದಲ್ಲಿ ಇದು ಬದಲಾಗುವುದಿಲ್ಲ ಎಂದು ನಾನು ಗಂಟಲು ಹರಿದುಕೊಂಡಿದ್ದೆ. ಮುಂದಿನ ಬ್ಯಾಚು ಬರುವಷ್ಟರಲ್ಲಿ ಅವೆರಡರಲ್ಲಿ ಒಂದು, ಸೋವಿಯತ್ ಒಕ್ಕೂಟ, ಯುದ್ಧವೇ ಇಲ್ಲದೆ ಕರಗಿಹೋಯಿತು. ಆದರೆ ಸಿಲಬಸ್ ಕರಗಬೇಕಲ್ಲ. ವರ್ಷಗಟ್ಟಲೆ ಅದು ಪಠ್ಯದಲ್ಲಿ ಗಟ್ಟಿಯಾಗಿ ಕೂತಿತ್ತು. “ಸರ್, ಅದು ಇದೆ ಅಂತ ಬರೀಬೇಕಾ, ಇಲ್ಲ ಅಂತ ಬರೀಬೇಕಾ?” ಎಂದು ಮಕ್ಕಳು ಕೇಳಿದರು. ಪರೀಕ್ಷೆ ಮುಗಿಯುವವರೆಗೂ ಇದೆ, ಹಾಲ್‌ನಿಂದ ಹೊರಗೆ ಬಂದ ಮೇಲೆ ಇಲ್ಲ ಎಂದೆ.

ವನಜಾಕ್ಷಿ ಮೇಡಂ ಪರಿಚಯವಾದದ್ದು ಆ ವರ್ಷದ ಮೌಲ್ಯಮಾಪನದಲ್ಲೇ. ಅರ್ಧದಷ್ಟು ಉತ್ತರ ಪತ್ರಿಕೆಗಳಲ್ಲಿ ಆ ದೇಶ ಬದುಕಿತ್ತು, ಉಳಿದರ್ಧದಲ್ಲಿ ಸತ್ತಿತ್ತು. ಯಾರಿಗೆ ಅಂಕ ಕೊಡುವುದು ಎಂದು ನಾವೆಲ್ಲ ಕಚ್ಚಾಡುತ್ತಿದ್ದೆವು. ನಮ್ಮ ಟೇಬಲ್ಲಿಗೆ ಹಿರಿಯರಾಗಿದ್ದ ಅವರು, ತೆಳ್ಳಗಿನ, ಮೆಲ್ಲನೆ ಮಾತಾಡುವ ಹೆಂಗಸು, ಇಬ್ಬರಿಗೂ ಕೊಡಿ ಎಂದರು. ಆಮೇಲೆ ಪೆನ್ನಿನ ಕ್ಯಾಪು ಹಾಕುತ್ತ, “ಹೀಗಾಗುತ್ತೆ ಅಂತ ನಮ್ಮ ಸಿದ್ಧಾಂತಕ್ಕೆ ಯಾಕೆ ಕಾಣ್ಲಿಲ್ಲ ಅಂತ ಯಾರಾದ್ರೂ ಬರೆದಿದ್ರೆ ಅವರಿಗೆ ಎರಡು ಮಾರ್ಕ್ಸ್ ಜಾಸ್ತಿ ಕೊಡಿ,” ಎಂದರು. ನಾನು ನೋಡಿದ ಕಟ್ಟುಗಳಲ್ಲಿ ಹಾಗೆ ಬರೆದವರು ಯಾರೂ ಇರಲಿಲ್ಲ. ಬರೆಯುವುದು ಹೇಗೆ? ಕಲಿಸಿದವರೇ ನಾವು.

ನಡುವೆ ಕುಣಿಗಲ್ಲಿನಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿನ ಪ್ರಿನ್ಸಿಪಾಲರು ಕೆಮಿಸ್ಟ್ರಿಯವರು, ಬಲು ಒಳ್ಳೆಯ ಮನುಷ್ಯ. ಅವರ ಪ್ರಕಾರ ಅಂತರರಾಷ್ಟ್ರೀಯ ರಾಜಕೀಯ ಎಂದರೆ ಪೇಪರ್ ಓದುವುದು. ಅವರು ಮನೆ ಕಟ್ಟಿಸುತ್ತಿದ್ದರು. ಎಲ್ಲೋ ಗಡಿಯಲ್ಲಿ ಸದ್ದಾದರೆ ನನ್ನನ್ನು ಚೇಂಬರಿಗೆ ಕರೆಸಿ, ಯುದ್ಧ ಆಗುತ್ತದೆಯೋ ಇಲ್ಲವೋ, ಕಬ್ಬಿಣ ಈಗಲೇ ಕೊಳ್ಳಲೋ ತಡೆಯಲೋ ಎಂದು ಕೇಳುತ್ತಿದ್ದರು. ನಾನೂ ದೊಡ್ಡ ಪಂಡಿತನಂತೆ ಬಲಾಬಲ ತೂಗಿ ಆಗುವುದಿಲ್ಲ ಎಂದು ಹೇಳುತ್ತಿದ್ದೆ. ನನ್ನ ಮಾತು ನಂಬಿ ಅವರು ಕಬ್ಬಿಣವನ್ನು ತಡವಾಗಿ ಕೊಂಡರು. ಯುದ್ಧ ಆಗಲಿಲ್ಲ, ಆದರೂ ಕಬ್ಬಿಣದ ಬೆಲೆ ಏರಿತು. ಗೃಹಪ್ರವೇಶದ ದಿನ ಹೋಳಿಗೆ ಬಡಿಸುತ್ತ ಅವರು ಹೇಳಿದ್ದು ಇಷ್ಟೇ: “ನಿಮ್ ಸಬ್ಜೆಕ್ಟು ಸರಿಯಾಗೇ ಹೇಳ್ತು ರುದ್ರಯ್ಯನೋರೆ, ಆದ್ರೆ ನಂಗೆ ಬೇಕಾದ್ದು ಹೇಳ್ಲಿಲ್ಲ.” ಹೊಸಬರು ಈ ಮಾತನ್ನು ನೆನಪಿಟ್ಟುಕೊಳ್ಳಬಹುದು.

ತುಮಕೂರಿಗೆ ವರ್ಗವಾಗಿ ವನಜಾಕ್ಷಿ ಮೇಡಂ ಕೈಕೆಳಗೆ ಬಂದಾಗ ನನಗೂ ಕೂದಲು ನರೆಯುತ್ತಿತ್ತು. ಅವರದೂ ವಾಸ್ತವವಾದವೇ, ಅದರಲ್ಲಿ ನನಗಿಂತ ಬಿಗಿ. ಕ್ಲಾಸಿನಲ್ಲಿ ಯಾರಾದರೂ ಎದ್ದು ವಿಶ್ವಶಾಂತಿ ಬೇಕು ಎಂದರೆ, ಸರಿ, ಯಾರು ಏನು ಬಿಟ್ಟುಕೊಡುತ್ತಾರೆ ಹೇಳು ಎಂದು ನಿಲ್ಲಿಸಿಬಿಡುತ್ತಿದ್ದರು. ಆದರೆ ಅವರಲ್ಲಿ ಒಂದು ಪದ್ಧತಿ ಇತ್ತು. ವರ್ಷದ ಮೊದಲಲ್ಲಿ ಪ್ರತಿಯೊಬ್ಬರೂ ತಮಗೆ ಇಷ್ಟವಾದ ದೇಶ ಆರಿಸಿಕೊಳ್ಳಬೇಕು. ಆರಿಸಿಕೊಂಡ ಮೇಲೆ ಅದರ ಪರವಾಗಿ ಮಾತಾಡುವಂತಿಲ್ಲ, ಅದರ ಎದುರಾಳಿಯ ಪರವಾಗಿ ಮಾತಾಡಬೇಕು. ಎದುರಾಳಿಗೆ ಏನು ಹೆದರಿಕೆ ಎಂಬುದನ್ನು ಹೇಳಬೇಕು. ಆ ಎದುರಾಳಿ ದೇಶವನ್ನು ಆರಿಸಿಕೊಂಡವರು ಕೇಳಿ, ಹೌದು, ಅದೇ ನನ್ನ ಹೆದರಿಕೆ ಎಂದು ತಲೆಯಾಡಿಸುವ ತನಕ ಕೂರುವಂತಿಲ್ಲ. ಕೆಲವರು ನಾಲ್ಕೈದು ಕ್ಲಾಸು ನಿಂತೇ ಇರುತ್ತಿದ್ದರು.

ಮಕ್ಕಳ ಕೈಲಿ ಶತ್ರು ದೇಶದ ಪರ ಮಾತಾಡಿಸುತ್ತಾರೆ ಎಂದು ಒಮ್ಮೆ ಯಾರೋ ಪೋಷಕರು ದೂರು ಕೊಟ್ಟರು. ಪ್ರಿನ್ಸಿಪಾಲರು ಬೆವರಿದರು. ಮೇಡಂ ಶಾಂತವಾಗಿ, “ಎದುರಿಗಿರೋನು ಏನು ಲೆಕ್ಕ ಹಾಕ್ತಿದಾನೆ ಅಂತ ತಿಳ್ಕೊಳ್ದೆ ಇರೋ ಸೈನ್ಯ ಎಲ್ಲಾದ್ರೂ ಇದ್ರೆ ತೋರ್ಸಿ ಸರ್,” ಎಂದರು. ದೂರು ಅಲ್ಲಿಗೇ ನಿಂತಿತು. ನನಗೆ ಈ ಪದ್ಧತಿ ನಾಟಕ ಎನಿಸಿತ್ತು. ನನ್ನ ಗೋಡೆ ಮತ್ತು ನಾಯಿಯ ಕಥೆ ಹೇಳಿ, ಇದಕ್ಕಿಂತ ಇನ್ನೇನು ಬೇಕು ಮೇಡಂ ಎಂದೆ. ಅವರು ಆಸಕ್ತಿಯಿಂದ ಕೇಳಿ, ಆಮೇಲೆ ಆ ಗೋಡೆ ಏನಾಯಿತು ಎಂದರು. ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಕಥೆ ಹೇಳಿದ್ದೆ, ಅದರ ಮುಂದಿನ ಭಾಗ ಕೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ.

ಈಗ ಆ ಲ್ಯಾಬಿನ ವಿಷಯಕ್ಕೆ ಬರುತ್ತೇನೆ.

ಆ ವರ್ಷ ಕಾಲೇಜಿನಲ್ಲಿ ಕೊಠಡಿ ಸಾಲದೆ, ಕೊನೆಯ ವರ್ಷದ ನಮ್ಮ ಕ್ಲಾಸಿಗೆ ಬೆಳಗಿನ ಪಾಳಿ ಅಥವಾ ಮಧ್ಯಾಹ್ನದ ಪಾಳಿ, ಎರಡರಲ್ಲಿ ಒಂದು ಆರಿಸಿಕೊಳ್ಳಿ ಎಂದರು. ಕ್ಲಾಸು ಎರಡು ಹೋಳಾಯಿತು. ಗುಬ್ಬಿ, ನಿಟ್ಟೂರು ಕಡೆಯಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುವವರು ಟ್ರೈನ್ ಬ್ಯಾಚು. ಅವರೇ ಹೆಚ್ಚು. ಅವರಿಗೆ ಬೆಳಗಿನ ಪಾಳಿಯೇ ಆಗಬೇಕು, ಏಕೆಂದರೆ ಮಧ್ಯಾಹ್ನದ ರೈಲು ಹಿಡಿದು ಹೋಗಿ ಅರ್ಧ ದಿನದ ಕೆಲಸ ಮಾಡುವವರು ಬಹಳ ಮಂದಿ. ಅವರ ಮುಂದಾಳು ನಿಟ್ಟೂರಿನ ರವಿಕುಮಾರ, ಟೂ ವ್ಹೀಲರ್ ಗ್ಯಾರೇಜಿನಲ್ಲಿ ದುಡಿದು ಓದುತ್ತಿದ್ದವನು. ಕುಣಿಗಲ್ ಕಡೆಯಿಂದ ಬರುವವರು ಬಸ್ ಬ್ಯಾಚು, ಬೆರಳೆಣಿಕೆಯವರು. ಅವರಲ್ಲಿ ಚಂದ್ರಕಲಾ ಕುಣಿಗಲ್ಲಿನಿಂದಲೂ ಆಚೆಯ ಹಳ್ಳಿಯವಳು. ಅವಳ ಊರಿನ ಮೊದಲ ಬಸ್ಸು ಹತ್ತಿ, ಕುಣಿಗಲ್ಲಿನಲ್ಲಿ ಇಳಿದು, ಇನ್ನೊಂದು ಹಿಡಿದು ಬಂದರೂ ಬೆಳಗಿನ ಪಾಳಿಯ ಮೊದಲ ಗಂಟೆ ಮುಗಿದೇ ಹೋಗಿರುತ್ತಿತ್ತು. ಪ್ರತಿ ಪತ್ರಿಕೆಗೂ ಮುಕ್ಕಾಲು ಪಾಲು ಹಾಜರಾತಿ ಬೇಕು. ಇಲ್ಲದಿದ್ದರೆ ಶಾರ್ಟೇಜು. ಶಾರ್ಟೇಜಾದರೆ ಹಾಲ್ ಟಿಕೆಟ್ ಇಲ್ಲ, ವರ್ಷ ಹೋಯಿತು.

ಮೇಡಂ ತೀರ್ಮಾನವನ್ನು ಕ್ಲಾಸಿಗೇ ಬಿಟ್ಟರು. ವೋಟು ಹಾಕುವಂತಿಲ್ಲ, ಎಲ್ಲರೂ ಒಪ್ಪಬೇಕು. ಅಲ್ಲಿಯವರೆಗೆ ಬೆಳಗಿನ ಪಾಳಿ. “ನಾನು ಬಂದು ಹೇಳಲ್ಲ. ನಿಮ್ಮ ಮೇಲೆ ಯಾರೂ ಇಲ್ಲ ಅಂದ್ಕೊಳ್ಳಿ,” ಎಂದು ಹೊರಗೆ ಬಂದರು. ಸ್ಟಾಫ್ ರೂಮಿನಲ್ಲಿ ನಾನು ಅವರಿಗೆ ಒಂದು ಪಂದ್ಯ ಕಟ್ಟಿದೆ. ಬಲ ಇರುವವರು ಬೆಳಗಿನ ಪಾಳಿ ಬಿಡುವುದಿಲ್ಲ, ಸಣ್ಣವರು ಅನುಭವಿಸುತ್ತಾರೆ, ಸೋತರೆ ತಟ್ಟೆ ಇಡ್ಲಿ ನನ್ನದು. ಮೇಡಂ ನಕ್ಕು ಒಪ್ಪಿದರು.

ಮೊದಲ ವಾರ ಎಲ್ಲವೂ ನನ್ನ ಸಿದ್ಧಾಂತದ ಪ್ರಕಾರವೇ ನಡೆಯಿತು. ಟ್ರೈನ್ ಬ್ಯಾಚಿನವರು ಪಟ್ಟು ಹಿಡಿದರು. ಬಸ್ ಬ್ಯಾಚಿನವರು ಹಾಸ್ಟೆಲಿನವರನ್ನು ಸೇರಿಸಿಕೊಂಡು ಗುಂಪು ದೊಡ್ಡದು ಮಾಡಿದರು. ಇದೇ ಬಲ ಸಮತೋಲನ ಎಂದು ನಾನು ಮೇಡಂಗೆ ಸಂಭ್ರಮದಿಂದ ವರದಿ ಕೊಟ್ಟೆ. ಟ್ರೈನ್ ಬ್ಯಾಚು ಪ್ರತಿಯಾಗಿ ಹಾಸ್ಟೆಲಿನವರಿಗೆ ಟ್ರಿಪ್ಪಿನ ಆಸೆ ತೋರಿಸಿ ಒಡೆಯಲು ನೋಡಿತು. ಮಾತು ಮಾತಿಗೆ ಬೆಂಚು ಗುದ್ದುವುದು ಕೇಳುತ್ತಿತ್ತು. ಮೇಡಂ ನನ್ನ ವರದಿಯ ಒಂದು ಅಕ್ಷರವನ್ನೂ ತಳ್ಳಿಹಾಕಲಿಲ್ಲ. ಸರಿಯಾಗಿಯೇ ಗುರುತಿಸಿದ್ದೀರಿ ಎಂದರು. ನಾನು ಇಡ್ಲಿಯ ರುಚಿ ನೆನೆಯುತ್ತಿದ್ದೆ.

ಒಂದು ದಿನ ಕಾರಿಡಾರಿನಲ್ಲಿ ಚಂದ್ರಕಲಾ ನನ್ನನ್ನು ತಡೆದಳು. ಅವಳು ತಪ್ಪಿಸಿಕೊಳ್ಳುತ್ತಿದ್ದ ಮೊದಲ ಗಂಟೆ ನನ್ನದೇ. ಗೆಳತಿಯ ನೋಟ್ಸು ನೋಡಿ ಪಾಠ ಓದಿಕೊಂಡಿದ್ದಳು. ದೊಡ್ಡ ದೇಶ, ಸಣ್ಣ ದೇಶ ಎಲ್ಲ ಅರ್ಥವಾಯಿತು ಎಂದಳು. ಆಮೇಲೆ ಜಗಳವಿಲ್ಲದ ದನಿಯಲ್ಲಿ, “ಸರ್, ನಮ್ ಕ್ಲಾಸಲ್ಲಿ ನಾನು ಯಾವ ದೇಶ?” ಎಂದಳು. ನನ್ನ ಬಳಿ ಉತ್ತರ ಇತ್ತು. ಕ್ಲಾಸಿಗೆ ಹೊತ್ತಾಯಿತು ಎಂದು ಹೇಳಿ ಸ್ಟಾಫ್ ರೂಮಿನೊಳಗೆ ಹೋಗಿಬಿಟ್ಟೆ.

ಮುಂದಿನ ಸೋಮವಾರ ಮೇಡಂ ಕ್ಲಾಸಿಗೆ ಹೋದರು, ನನ್ನನ್ನೂ ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಪಾಳಿಯ ವಿಷಯ ಎತ್ತಲೇ ಇಲ್ಲ. ದೇಶಗಳ ಪದ್ಧತಿಯನ್ನೇ ಇಲ್ಲಿ ಮಾಡೋಣ ಎಂದು, ರವಿಯನ್ನು ನಿಲ್ಲಿಸಿ, ಚಂದ್ರಕಲಾಗೆ ಏನು ಹೆದರಿಕೆ ಹೇಳು ಎಂದರು. ಬಸ್ಸು ತಪ್ಪುತ್ತದೆ ಎಂದ. ಚಂದ್ರಕಲಾ ತಲೆಯಾಡಿಸಲಿಲ್ಲ. ಮಾರ್ಕ್ಸ್ ಕಡಿಮೆಯಾಗುತ್ತದೆ ಎಂದ. ಅದೂ ಅಲ್ಲ. ಅವನು ಆ ಗಂಟೆಯೆಲ್ಲ ನಿಂತ, ಮರುದಿನವೂ ನಿಂತ. ಅವನ ಗೆಳೆಯರು ನಕ್ಕರು, ಅವನ ಕಿವಿ ಕೆಂಪಾಯಿತು.

ಅದರ ಮರುದಿನ ರವಿ ಬೆಳಗಿನ ಕ್ಲಾಸಿಗೆ ಬರಲಿಲ್ಲ. ಮೊದಲ ಗಂಟೆ ಮುಗಿದ ಮೇಲೆ ಚಂದ್ರಕಲಾ ಇಳಿದ ಬಸ್ಸಿನಿಂದಲೇ ಇಳಿದ. ಹಿಂದಿನ ದಿನ ಕುಣಿಗಲ್ಲಿಗೆ ಹೋಗಿ, ಅಲ್ಲಿ ಅತ್ತೆಯ ಮನೆಯಲ್ಲಿ ಉಳಿದು, ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ ಬಂದಿದ್ದ. ಒಂದು ದಿನದ ಗ್ಯಾರೇಜು ಕೆಲಸ, ಒಂದು ಗಂಟೆಯ ಹಾಜರಾತಿ, ಎರಡೂ ಹೋಗಿತ್ತು. ಮೇಡಂ ಕ್ಲಾಸಿನಲ್ಲಿ ತಾನೇ ಎದ್ದು ನಿಂತ.

“ಬಸ್ಸಲ್ಲ ಮೇಡಂ. ಬಸ್ಸಲ್ಲಿ ಅವ್ರೂರಿನ ಯಜಮಾನ್ರೊಬ್ರು, ಈ ಸಲನಾದ್ರೂ ಎಕ್ಸಾಮಿಗೆ ಕೂರ್ಸ್ತಾರೇನವ್ವ ಅಂತ ಎಲ್ರೆದ್ರೂ ಕೇಳಿದ್ರು. ಹೋದ ಸಲ ಶಾರ್ಟೇಜು ಲೆಟ್ರು ಮನೆಗೆ ಹೋಗೈತೆ. ಇನ್ನೊಂದ್ಸಲ ಬಂದ್ರೆ ಓದಿದ್ದು ಸಾಕು ಬುಡು ಅಂದವ್ರೆ ಅವ್ರಣ್ಣ. ಅವ್ಳಿಗೆ ಬಸ್ಸಿನ ಹೆದ್ರಿಕೆ ಇಲ್ಲ. ಆ ಲೆಟ್ರು ಹೆದ್ರಿಕೆ.”

ಚಂದ್ರಕಲಾ ತಲೆಯಾಡಿಸಿದಳು. ಆಮೇಲೆ ತಾನೂ ಎದ್ದಳು. ರವಿಗೆ ರೈಲಿನ ಚಿಂತೆಯಲ್ಲ, ಅವನ ಗ್ಯಾರೇಜಿನ ಮಾಲೀಕ ಇನ್ನೊಬ್ಬ ಮೆಕ್ಯಾನಿಕ್ಕನ್ನು ಆಗಲೇ ನೋಡಿಟ್ಟಿದ್ದಾನೆ, ಒಂದು ವಾರ ತಡವಾದರೆ ಇವನ ಜಾಗ ಹೋಗುತ್ತದೆ, ಜಾಗ ಹೋದರೆ ಇವನ ಓದೂ ನಿಲ್ಲುತ್ತದೆ ಎಂದಳು. ಅವಳು ಅದನ್ನು ಹೇಗೆ ತಿಳಿದುಕೊಂಡಳೋ ನಾನು ಕೇಳಲಿಲ್ಲ. ರವಿ ತಲೆ ತಗ್ಗಿಸಿಕೊಂಡೇ ಹೌದೆಂದ. ಕ್ಲಾಸಿನಲ್ಲಿ ಬೆಂಚು ಗುದ್ದುವ ಸದ್ದು ಆ ದಿನದಿಂದ ನಿಂತಿತು.

ಇಲ್ಲಿಗೆ ಯಾರ ಸಮಸ್ಯೆಯೂ ಬಗೆಹರಿದಿರಲಿಲ್ಲ ಎಂಬುದನ್ನು ಗಮನಿಸಿ. ರೈಲಿನ ಟೈಮು ಅದೇ, ಬಸ್ಸಿನ ಟೈಮು ಅದೇ. ಬದಲಾದದ್ದು ಇಷ್ಟೇ, ಯಾರ ಬಲ ಹೆಚ್ಚು ಎನ್ನುವುದನ್ನು ಬಿಟ್ಟು ಎಲ್ಲರೂ ಟೈಮ್ ಟೇಬಲ್ಲನ್ನು ನೋಡಲು ಶುರು ಮಾಡಿದರು. ಆಗಲೇ ಚಂದ್ರಕಲಾ ಹಿಂದಿನ ಬೆಂಚಿನಲ್ಲಿದ್ದ ನನ್ನ ಕಡೆ ತಿರುಗಿ, “ಸರ್, ಮೊದ್ಲ ಅವರ್ ಯಾವಾಗ್ಲೂ ನಿಮ್ದೇ ಯಾಕೆ?” ಎಂದು ಕೇಳಿದ್ದು. ನಾನು ಕಾರಣ ಹುಡುಕಿದೆ. ನಾನು ಬರುವ ಮೊದಲಿನಿಂದಲೂ ಆ ಪತ್ರಿಕೆ ಅಲ್ಲೇ ಇತ್ತು, ಬೆಳಗಿನ ತಂಪಿನಲ್ಲಿ ಪಾಠ ಮುಗಿಸಿ ಕಾಫಿ ಕುಡಿಯುತ್ತ ಪೇಪರ್ ಓದುವುದು ನನಗೂ ಒಗ್ಗಿತ್ತು. ಮೊದಲ ಗಂಟೆಗೆ ಪ್ರತಿ ವಾರ ಬೇರೆ ಪತ್ರಿಕೆ ಬಂದರೆ ಅವಳು ತಪ್ಪಿಸಿಕೊಳ್ಳುವ ಗಂಟೆ ಎಲ್ಲ ಪತ್ರಿಕೆಗಳಿಗೂ ಹಂಚಿಹೋಗುತ್ತದೆ, ಯಾವುದರಲ್ಲೂ ಪೂರ್ತಿ ಪೆಟ್ಟು ಬೀಳುವುದಿಲ್ಲ. ಇಷ್ಟು ಸರಳ. ಅಲ್ಲಾಡಿಸಲು ಬಾರದ ವ್ಯವಸ್ಥೆ ಎಂದು ನಾನು ಯಾವುದನ್ನು ಕರೆಯುತ್ತಿದ್ದೆನೋ ಅದರಲ್ಲಿ ಒಂದು ಪಾಲು ನನ್ನ ಕಾಫಿ ಮತ್ತು ಪೇಪರು. ಇದನ್ನು ಒಪ್ಪಿಕೊಂಡಾಗ ಕ್ಲಾಸು ಗೊಳ್ಳೆಂದಿತು, ನಾನೂ ನಕ್ಕೆ. ಆದರೂ ಸುಮ್ಮನೆ ಬಿಡಲಿಲ್ಲ. ಗೊಣಗಿದೆ, ಬದಲಿಗೆ ನನಗೇನು ಸಿಗುತ್ತದೆ ಎಂದು ಕೇಳಿದೆ, ಮೇಡಂ ಅವರಿಂದ ಎರಡು ಇನ್ವಿಜಿಲೇಷನ್ ಡ್ಯೂಟಿಗಳಿಂದ ವಿನಾಯಿತಿ ಪಡೆದ ಮೇಲೆಯೇ ಒಪ್ಪಿದೆ. ದೇಶಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ಮಕ್ಕಳು ಕಣ್ಣಾರೆ ನೋಡಿದರು.

ಬೆಳಗಿನ ಪಾಳಿಯನ್ನೇ ಉಳಿಸಿಕೊಂಡು ಹಾಗೆ ಹಂಚಿದರೂ ಅವಳ ಹಾಜರಾತಿ ಗೆರೆಯ ಮೇಲೆಯೇ ನಿಲ್ಲುತ್ತಿತ್ತು, ಒಂದು ಜ್ವರ ಬಂದರೆ ಮುಗಿಯಿತು. ಅದಕ್ಕೆ ಟ್ರೈನ್ ಬ್ಯಾಚಿನವರು ತಾವಾಗಿ, ಶನಿವಾರ ಒಂದು ಗಂಟೆ ತಡವಾಗಿ ಶುರು ಮಾಡೋಣ, ಆ ದಿನ ನಮ್ಮ ರೈಲು ತಪ್ಪಿದರೆ ತಪ್ಪಲಿ ಎಂದರು. ನಾನು ಮೇಡಂಗೆ, ಮಾತು ಕೊಡುವುದು ಸುಲಭ, ನೋವಾಗುವ ದಿನ ಬರಲಿ ನೋಡೋಣ ಎಂದೆ. ಕಾದು ನೋಡೋಣ ಎಂದು ಅವರೂ ಗಂಭೀರವಾಗಿಯೇ ಒಪ್ಪಿದರು.

ನೋವಾಗುವ ದಿನ ಬಂತು. ಆಯುಧ ಪೂಜೆ ಹತ್ತಿರ ಬಂದರೆ ಗ್ಯಾರೇಜಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶನಿವಾರ ಮಧ್ಯಾಹ್ನದೊಳಗೆ ಬಾ, ಇಲ್ಲದಿದ್ದರೆ ಬರಲೇಬೇಡ ಎಂದು ಮಾಲೀಕ ಹೇಳಿಬಿಟ್ಟ. ಆ ಶನಿವಾರ ಕ್ಲಾಸನ್ನು ಮೊದಲಿನ ಹೊತ್ತಿಗೇ ಇಟ್ಟುಕೊಳ್ಳೋಣ ಎಂದು ರವಿ ಹೇಳಿದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಅವನು ಹೇಳಲಿಲ್ಲ. ತಡವಾಗಿ ಶುರುವಾದ ಕ್ಲಾಸಿನಲ್ಲಿ ಕೊನೆಯವರೆಗೂ ಕೂತಿದ್ದ, ಕಾಲು ಮಾತ್ರ ಕುಣಿಸುತ್ತಿದ್ದ. ಹೊರಗೆ ಬಂದ ಮೇಲೆ ನಾನು ಅವನನ್ನು ಹಿಡಿದು ಕೇಳಿದೆ. ಭಾನುವಾರ ಇಡೀ ದಿನ ದುಡಿಯುತ್ತೇನೆ ಎಂದು ಮಾಲೀಕನ ಕಾಲು ಹಿಡಿದಿದ್ದೇನೆ, ಅವನು ಇಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದ. ಅಷ್ಟು ಯಾಕೆ ಮೈಮೇಲೆ ಹಾಕಿಕೊಂಡೆ, ನಿಮ್ಮದೇ ಬಲ ಇತ್ತಲ್ಲ ಎಂದೆ.

“ಬಲ ಇತ್ತು ಸರ್. ಆದ್ರೆ ಅವ್ಳ ಹೆದ್ರಿಕೆನ ನನ್ ಬಾಯಲ್ಲೇ ಹೇಳಿದೀನಿ. ಈಗ ಗೊತ್ತಿಲ್ಲ ಅನ್ನಕ್ಕಾಗಲ್ಲ.”

ನಾನು ಓದಿದ ಯಾವ ಪುಸ್ತಕವೂ ಈ ವಿಷಯವನ್ನು ನನಗೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಮೇಡಂ ಅಷ್ಟು ವರ್ಷ ಮಕ್ಕಳನ್ನು ಯಾಕೆ ನಿಲ್ಲಿಸುತ್ತಿದ್ದರು ಎಂಬುದು ಆ ಕಾರಿಡಾರಿನಲ್ಲಿ ನನಗೆ ತಿಳಿಯಿತು. ಆ ಹೆಂಗಸಿನ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಒಂದು ಚೂರು ಕಡಿಮೆಯಾಗಿಲ್ಲ. ಮಾಲೀಕ ಬೈದುಕೊಂಡೇ ರವಿಯನ್ನು ಇಟ್ಟುಕೊಂಡ.

ಹಾಲ್ ಟಿಕೆಟ್ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ದಿನ ಟ್ರೈನ್ ಬ್ಯಾಚಿನವರು ಮುಂದೆ ನುಗ್ಗಿದ್ದರು. ಕುಣಿಗಲ್ ಬಸ್ಸು ಇನ್ನೂ ಬಂದಿರಲಿಲ್ಲ. ರವಿಯ ಹಾಜರಾತಿಯೂ ಅಷ್ಟಕ್ಕಷ್ಟೇ ಆಗಿತ್ತು. ಆದರೂ ಅವನ ಬೆರಳು ಮೊದಲು ಹುಡುಕಿದ್ದು ಚಂದ್ರಕಲಾ ಹೆಸರನ್ನು. ಸಿಕ್ಕ ಮೇಲೆ ಕೆಳಗಿಳಿದು ತನ್ನದನ್ನು ಹುಡುಕಿದ. ಎರಡೂ ಇದ್ದವು. ಅವಳು ಬಸ್ಸಿಳಿದು ಗೇಟಿನೊಳಗೆ ಬರುತ್ತಿದ್ದ ಹಾಗೆ ಟ್ರೈನ್ ಬ್ಯಾಚಿನವರೇ ಕೂಗಿ ಹೇಳಿದರು. ಅವಳು ನಡೆಯುತ್ತಿದ್ದವಳು ನಿಂತುಬಿಟ್ಟಳು, ವೇಲಿನಲ್ಲಿ ಮುಖ ಒರೆಸಿಕೊಂಡಳು.

ಚೇಳೂರಿನ ಮಂಜುನಾಥನೂ ಸುಮಾರು ಅದೇ ದಿನಗಳಲ್ಲಿ ಮಗಳ ನಾಮಕರಣಕ್ಕೆ ಕರೆಯಲು ಬಂದಿದ್ದ. ಈ ಸಲ ಗೋಡೆ ಏನಾಯಿತು ಎಂದು ಕೇಳಿದೆ. ಗೋಡೆ ಇದೆ, ನಡುವೆ ಒಂದು ಗೇಟು ಇಟ್ಟಿದ್ದೇವೆ ಎಂದ. ದೊಡ್ಡ ರಾಜಿಯೇನೂ ಆಗಲಿಲ್ಲವಂತೆ. ಗ್ಯಾಸ್ ಸಿಲಿಂಡರ್ ಸಾಗಿಸಲು ಎರಡೂ ಮನೆಯವರಿಗೆ ಸುತ್ತಾಗುತ್ತಿತ್ತಂತೆ.

ಸೋತ ಪಂದ್ಯದ ತಟ್ಟೆ ಇಡ್ಲಿ ತಿನ್ನಲು ಮೇಡಂ ಜೊತೆ ಹೋದಾಗ ನಾನು ಕೊನೆಯ ವಾದ ಹೂಡಿದೆ. ಒಂದು ಕ್ಲಾಸಿನಲ್ಲಿ ಪಾಳಿ ಹೊಂದಿಸಿದ್ದಕ್ಕೆ, ಒಂದು ಗೋಡೆಗೆ ಗೇಟು ಇಟ್ಟಿದ್ದಕ್ಕೆ ಜಗತ್ತು ಬದಲಾಗುತ್ತದೆಯೇ, ಕ್ಷಿಪಣಿ ಇಟ್ಟುಕೊಂಡವರು ಹೀಗೆ ಎದ್ದು ನಿಂತು ಇನ್ನೊಬ್ಬರ ಹೆದರಿಕೆ ಹೇಳುತ್ತಾರೆಯೇ ಎಂದೆ. ಮೇಡಂ ಚಟ್ನಿಯನ್ನು ಇಡ್ಲಿಯ ಮೇಲೆ ಹರಡಿದರು.

“ಜಗತ್ತು ಬದಲಾಯ್ತು ಅಂತ ನಾನೆಲ್ಲಿ ಹೇಳ್ದೆ ರುದ್ರಯ್ಯನೋರೆ? ಬದಲಾಗೋದೇ ಇಲ್ಲ ಅಂತ ಹೇಳ್ತಿದ್ದೋರು ನೀವು.”

ಬಿಲ್ಲು ನಾನು ಕೊಟ್ಟೆ.